ಮೂರನೇ ಪಿನ್ನು

ಮೊನ್ನೆ ನನ್ನ ಎಲೆಯಡಿಕೆ ಸಂಚಿ ತೊಳೆದು ಹಾಕೋಣವೆಂದು ಕೊಡವಿದೆ. ಅಡಿಕೆಯ ಚೂರು, ಸುಣ್ಣದ ಡಬ್ಬಿ, ಒಣಗಿ ಪುಡಿಯಾದ ಎಲೆ, ಇವುಗಳ ಸಂಗಡ ಟೆಸ್ಟರೂ ಟಣ್ಣೆಂದು ಫರ್ಶಿಯ ಮೇಲೆ ಬಿತ್ತು. ನಿಮ್ಮಲ್ಲಿ ಚಿಕ್ಕವರು ಅದನ್ನು ನೋಡಿರಲಿಕ್ಕಿಲ್ಲ. ನೋಡಲು ಸಣ್ಣ ಸ್ಕ್ರೂಡ್ರೈವರಿನಂತೆ ಇರುತ್ತದೆ. ಹಿಡಿಕೆಯೊಳಗೆ ಜೋಳದ ಕಾಳಿನಷ್ಟು ಒಂದು ದೀಪ. ತುದಿಯನ್ನು ಯಾವುದಕ್ಕಾದರೂ ತಾಗಿಸಿ ಹಿಂದೆ ಬೆರಳಿಟ್ಟರೆ, ಅದರಲ್ಲಿ ಕರೆಂಟು ಹರಿಯುತ್ತಿದ್ದರೆ ದೀಪ ಕೆಂಪಗೆ ಹತ್ತುತ್ತದೆ. ಇಲ್ಲದಿದ್ದರೆ ಸುಮ್ಮನಿರುತ್ತದೆ. ಅಷ್ಟೇ ಅದರ ವಿದ್ಯೆ.

ಅಜ್ಜಿಯ ಸಂಚಿಯಲ್ಲಿ ಅದಕ್ಕೇನು ಕೆಲಸ ಎಂದು ನೀವು ಕೇಳುತ್ತೀರಿ. ಏನು ಹೇಳಲಿ, ನಾನು ಹುಟ್ಟಿನಿಂದಲೇ ಸಂಶಯದ ಪ್ರಾಣಿ. ಹಾಲಿನವನು ಬೆನ್ನು ತಿರುಗಿಸಿದ ಕೂಡಲೇ ಹಾಲಿಗೆ ಬೆರಳದ್ದಿ ನೋಡುತ್ತೇನೆ. ಮನೆಗೆ ಬೀಗ ಹಾಕಿ ಜಗ್ಗಿ, ಲಿಫ್ಟಿನ ತನಕ ಹೋಗಿ, ಮತ್ತೆ ಬಂದು ಜಗ್ಗುತ್ತೇನೆ. ಲಿಫ್ಟಿನ ಬಾಗಿಲು ತೆರೆದರೆ ಒಳಗೆ ನಿಜವಾಗಿ ನೆಲ ಇದೆಯೋ ಇಲ್ಲವೋ ನೋಡದೆ ಕಾಲಿಟ್ಟವಳೇ ಅಲ್ಲ. ನಿಮ್ಮ ಅಜ್ಜ ಇದ್ದಾಗ ಹೇಳುತ್ತಿದ್ದರು: "ನೀ ಪೊಲೀಸ್ ಖಾತೆಯೊಳಗ ಇರಬೇಕಿತ್ತು. ಕಳ್ಳರು ನಿನ್ನ ಮಾರಿ ನೋಡೇ ಒಪ್ಕೋತಿದ್ರು."

ಆದರೆ ಪೊಲೀಸರು ಬಾಯಿ ತೆರೆದು ಕೇಳಬೇಕಾಗುತ್ತದೆ. ನನಗೆ ಅದೇ ಆಗದ ಕೆಲಸ. ಆಳಂದದ ಕಡೆಯ ಹಳ್ಳಿಯಲ್ಲಿ ಏಳನೇ ತರಗತಿಯವರೆಗೆ ಓದಿದೆ. ಉತ್ತರ ಗೊತ್ತಿದ್ದರೂ ಕೈ ಎತ್ತಿದವಳಲ್ಲ. ಮಾಸ್ತರರು ನನ್ನ ಕಡೆ ನೋಡಿದರೆ ಸಾಕು, ಬೆಂಚಿನ ಕೆಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿಬಿಡುತ್ತಿದ್ದೆ. ಪುಣೆಗೆ ಬಂದು ಇಷ್ಟು ವರ್ಷವಾದರೂ ನಾಲ್ಕು ಜನರ ಎದುರು ಮರಾಠಿ ಮಾತನಾಡಬೇಕಾದರೆ ನಾಲಿಗೆ ಅಂಟಿಕೊಳ್ಳುತ್ತದೆ. ತರಕಾರಿಯವನ ತಕ್ಕಡಿಯ ಮೇಲೆ ಸಂಶಯ ಬಂದರೆ ಜಗಳವಾಡುವುದಿಲ್ಲ. ಮರುದಿನದಿಂದ ಆ ಗಾಡಿಯ ಕಡೆ ಹೋಗುವುದಿಲ್ಲ. ಅವನಿಗೆ ತನ್ನ ಅಪರಾಧ ಏನೆಂದು ಇಂದಿಗೂ ಗೊತ್ತಿರಲಿಕ್ಕಿಲ್ಲ.

ಟೆಸ್ಟರು ಬಂದದ್ದು ನಾವು ಪುಣೆಗೆ ಬಂದ ಹೊಸತರಲ್ಲಿ. ನಿಗಡಿಯ ಅಂಚಿನಲ್ಲಿ ಆಗ ತಗಡಿನ ಖೋಲಿಗಳ ಸಾಲೊಂದಿತ್ತು. ನಮ್ಮ ಕಡೆಯ ಜನವೇ ಹೆಚ್ಚು. ಗಂಡಸರೆಲ್ಲ ಕಟ್ಟಡದ ಕೆಲಸಕ್ಕೋ ಕಂಪನಿಗಳಿಗೋ ಹೋಗುವವರು. ಮೊದಲ ಮಳೆಗಾಲದಲ್ಲಿ ಒಂದು ದಿನ ಒದ್ದೆ ಸೀರೆ ಒಣಹಾಕಲು ಹೋಗಿ ತಗಡಿನ ಗೋಡೆಗೆ ಕೈ ಊರಿದೆ. ಝುಂ ಅಂದಿತು. ಹೊಡೆತವೇನಲ್ಲ. ಮೊಣಕೈಯೊಳಗೆ ಇರುವೆಗಳ ಸಾಲು ಮೇಲಕ್ಕೆ ಓಡಿದ ಹಾಗೆ. ನನಗೆ ತಕ್ಷಣ ಸಂಶಯ ಬಂದದ್ದು ನಮಗಿಂತ ಮೊದಲು ಆ ಖೋಲಿಯಲ್ಲಿದ್ದು ತೀರಿಕೊಂಡ ಮುದುಕಿಯ ಮೇಲೆ. ಸಂಜೆಯವರೆಗೆ ಅಂಗಳದಲ್ಲೇ ಕುಳಿತೆ. ನಿಮ್ಮ ಅಜ್ಜ ಕಂಪನಿಯಿಂದ ಬಂದು, ಕತೆ ಕೇಳಿ, ಯಾರಿಂದಲೋ ಟೆಸ್ಟರು ತಂದು ಗೋಡೆಗೆ ತಾಗಿಸಿದರು. ದೀಪ ಹತ್ತಿತು. ಪಕ್ಕದ ಖೋಲಿಯವರ ದೀಪದ ವೈರು ಸುಲಿದು ತಗಡಿಗೆ ತಾಗಿತ್ತು.

"ಆ ಮುದುಕಿ ಪಾಪ, ಸತ್ತ ಮ್ಯಾಲೂ ನಿನ್ನ ಕೈಯಾಗ ಸಿಕ್ಕಾಳ ನೋಡು" ಎಂದು ನಕ್ಕರು. ಆಮೇಲೆ ನನಗಾಗಿಯೇ ಹೊಸ ಟೆಸ್ಟರು ತಂದುಕೊಟ್ಟರು. "ಸಂಶಯ ಬಂದಲ್ಲಿ ಮೊದಲ ಇದನ್ನ ಮುಟ್ಟಿಸು. ಆಮ್ಯಾಲೆ ನೀ ಮುಟ್ಟು." ಬೇರೆಯವರ ಗಂಡಂದಿರು ಹೆಂಡತಿಗೆ ಲಕ್ಷ್ಮೀ ರೋಡಿನಿಂದ ಸೀರೆ ತಂದರು. ನನಗೆ ಸಿಕ್ಕಿದ್ದು ಇದು. ಸೀರೆಯಾದರೆ ಎಂದೋ ಹರಿಯುತ್ತಿತ್ತು.

ಇಂಥ ನನ್ನ ಮನೆಗೆ ಮೇಘಾ ಒಂದು ಪೆಟ್ಟಿಗೆ ತಂದಳು.

ಮೇಘಾ ನಿಮಗೆಲ್ಲ ಅಕ್ಕ, ನನ್ನ ಮಗ ಬಸವರಾಜನ ಮಗಳು. ಕಾಲೇಜಿಗೆ ಸೇರಿದಂದಿನಿಂದ ಅವಳಿಗೆ ಗಿಟಾರಿನ ಹುಚ್ಚು. ಅದಕ್ಕೆ ಜೋಡಿಸುವ ಆಂಪ್ಲಿಫೈಯರ್ ಬೇಕೆಂದು ಕ್ಯಾಂಪ್ ಪೇಟೆಯ ಹಳೆಯ ಅಂಗಡಿಯೊಂದರಿಂದ ಯಾರೋ ಬಳಸಿ ಬಿಟ್ಟದ್ದನ್ನು ಕೊಂಡು, ರಿಕ್ಷಾದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಕರಿ ಪೆಟ್ಟಿಗೆ, ಎದುರಿಗೆ ಜಾಳಿಗೆ, ಮೇಲೆ ಸಾಲಾಗಿ ತಿರುಗಣೆಗಳು. ನಾನು ಸುತ್ತಲೂ ಟೆಸ್ಟರು ಮುಟ್ಟಿಸಿ ನೋಡಿದೆ. ದೀಪ ಹತ್ತಲಿಲ್ಲ. "ಆತೇನ್ ಅಜ್ಜಿ ನಿಂದು ಪೂಜಾ?" ಎಂದು ಮೇಘಾ ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಗುಂಡಿ ಒತ್ತಿದಳು. ತಾಳ ಲ್ಯಾಪ್‌ಟಾಪಿನಿಂದ ಬರುತ್ತದೆ, ಅದರ ಮೇಲೆ ಇವಳು ನುಡಿಸಬೇಕು, ಎರಡೂ ಒಂದೇ ಪೆಟ್ಟಿಗೆಯಿಂದ ಕೇಳಬೇಕು, ಹಾಗೆ ಅವರ ಪಾಠ.

ತಾಳ ಬರುವ ಮೊದಲೇ ಪೆಟ್ಟಿಗೆ ಗುಂಯ್ ಎಂದಿತು. ಸಣ್ಣಗಲ್ಲ. ಕೊಡದೊಳಗೆ ದುಂಬಿ ಹೊಕ್ಕು ದಾರಿ ತಪ್ಪಿದ ಹಾಗೆ.

"ಇದ್ಯಾಕ ಹಂಗ ಒದರ್ತದ?"

"ಅದು ಹಮ್ ಅಜ್ಜಿ. ಎಲ್ಲಾ ಆಂಪ್ಲಿಫೈಯರಿಗೂ ಸ್ವಲ್ಪ ಇರ್ತದ."

"ಸ್ವಲ್ಪ ಅಂದ್ರ ಇಷ್ಟ? ಅಂಗಡ್ಯಾಗೂ ಹಿಂಗೇ ಒದರ್ತಿತ್ತೇನು?"

ಮೇಘಾ ಯೋಚಿಸಿದಳು. "ಅಲ್ಲಿ ಇಷ್ಟು ಇರಲಿಲ್ಲ."

ನನಗೆ ಅಷ್ಟು ಸಾಕಾಯಿತು. ತೋರಿಸಿದ್ದು ಒಂದು, ಕಟ್ಟಿಕೊಟ್ಟದ್ದು ಇನ್ನೊಂದು ಎಂದೆ. ಅವಳು ಪೆಟ್ಟಿಗೆಯ ಮೂಲೆಯಲ್ಲಿದ್ದ ಗೀರು ತೋರಿಸಿ, ಅಂಗಡಿಯಲ್ಲಿ ನೋಡಿದ್ದು ಇದೇ ಗೀರು ಎಂದಳು. ಗೀರು ಯಾರು ಬೇಕಾದರೂ ಎಳೆಯಬಹುದು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಅಂದಿನಿಂದ ನಮ್ಮ ಮನೆಯಲ್ಲಿ ಯಾರನ್ನೂ ಯಾವುದನ್ನೂ ನಂಬುವ ಹಾಗಿರಲಿಲ್ಲ. ಸೊಸೆ ಸುಜಾತಾಳಿಗೆ ಫ್ರಿಜ್ಜಿನ ಮೇಲೆ ಸಂಶಯ. ಅದನ್ನು ಬಂದ್ ಮಾಡಿ ನೋಡಿದೆವು. ಗುಂಯ್ ನಿಲ್ಲಲಿಲ್ಲ, ಮತ್ತೆ ಹಚ್ಚಲು ಮರೆತು ಹಾಲು ಒಡೆಯಿತು. ಫ್ಯಾನಿನ ರೆಗ್ಯುಲೇಟರ್ ಇರಬಹುದು ಎಂದು ಫ್ಯಾನು ನಿಲ್ಲಿಸಿದೆವು. ಟ್ಯೂಬ್‌ಲೈಟ್ ಆರಿಸಿದೆವು. ಬಸವರಾಜ ಹಡಪಸರದ ಕಂಪನಿಯಿಂದ ಊರಿನ ಆ ತುದಿಯಿಂದ ಈ ತುದಿಗೆ ಟ್ರಾಫಿಕ್ಕಿನಲ್ಲಿ ನುಗ್ಗಿ ಮನೆಗೆ ಬಂದರೆ, ಹೆಂಡತಿ, ಮಗಳು, ತಾಯಿ ಮೂವರೂ ಕತ್ತಲೆಯಲ್ಲಿ ಬೆವರುತ್ತಾ ಒಂದು ಪೆಟ್ಟಿಗೆಯ ಸುತ್ತ ಕುಳಿತಿದ್ದೆವು.

"ಏನ್ ನಡದದ ಇಲ್ಲಿ? ಯಾರದರ ಮೈಯಾಗ ದೇವರು ಬಂದಾನೇನು?" ಎಂದ.

"ಗುಂಯ್ ಅನ್ನೋದು ಎಲ್ಲಿಂದ ಬರ್ತದಂತ ನೋಡ್ಲಿಕ್ಕತ್ತೀವಿ" ಎಂದಳು ಸುಜಾತಾ.

"ಮೇನ್ ಸ್ವಿಚ್ ತಗೀರಿ, ಖಂಡಿತ ನಿಲ್ತದ" ಎಂದು ಹೇಳಿ ಕೈಕಾಲು ತೊಳೆಯಲು ಹೋದ.

ಇನ್ನೊಂದು ವಿಚಿತ್ರ ಹೇಳುತ್ತೇನೆ. ಮೇಘಾ ಗಿಟಾರು ಹಿಡಿದು ಕುಳಿತ ದಿಕ್ಕು ಬದಲಿಸಿದರೆ ಗುಂಯ್ ಕೂಡ ಸ್ವಲ್ಪ ಬದಲಾಗುತ್ತಿತ್ತು. ಬಾಗಿಲ ಕಡೆ ತಿರುಗಿದರೆ ಹೆಚ್ಚು, ಕಿಟಕಿಯ ಕಡೆ ತಿರುಗಿದರೆ ತುಸು ಕಡಿಮೆ. ಗಿಟಾರಿನ ತಂತಿಗಳ ಕೆಳಗಿರುವ ಸುರುಳಿಗಳು ಸುತ್ತಲಿನ ವೈರುಗಳ ಸದ್ದು ಹೀರುತ್ತವೆ, ಅದು ದೋಷವಲ್ಲ, ಅದರ ಸ್ವಭಾವ ಎಂದು ಆಮೇಲೆ ತಿಳಿಯಿತು. ಆಗ ತಿಳಿದಿರಲಿಲ್ಲವಲ್ಲ. ಕಿಟಕಿ ಈಶಾನ್ಯಕ್ಕಿದೆ. ಮನೆಯ ವಾಸ್ತುವಿನ ಮೇಲೆ ನನಗೆ ಮೊದಲಿನಿಂದಲೂ ಒಂದು ಸಂಶಯವಿತ್ತು. ಅದಕ್ಕೆ ಈಗ ಸಾಕ್ಷಿ ಸಿಕ್ಕಿತು ಎಂದುಕೊಂಡು ಯಾರಿಗೂ ಹೇಳದೆ ಒಳಗೊಳಗೇ ಸಂತೋಷಪಟ್ಟೆ.

ಮೇಘಾಳ ಗಿಟಾರ್ ಮಾಸ್ತರು ನಿಖಿಲ್ ಎಂಬ ಮರಾಠಿ ಹುಡುಗ. ತುಂಬಾ ಒಳ್ಳೆಯವನು, ಕೂದಲು ಮಾತ್ರ ನನಗಿಂತ ಉದ್ದ. ಮೇಘಾ ಫೋನಿನಲ್ಲಿ ಕೇಳಿದಾಗ ಅವನು, ಬಹುಶಃ ಅರ್ಥಿಂಗಿನ ತೊಂದರೆ, ಬಂದು ನೋಡುತ್ತೇನೆ ಎಂದ. ಅರ್ಥಿಂಗ್ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಮನಸ್ಸಿನಲ್ಲೇ ನಮ್ಮೂರಿನ ಹಿಟ್ಟಿನ ಗಿರಣಿಯ ಹಿಂದೆ ಹೋಗಿ ನಿಂತಿದ್ದೆ.

ಗಿರಣಿ ಈರಣ್ಣ ಮಾವನದು. ಅದರ ಹಿಂದೆ ಒಂದು ಗುಂಡಿ. ಇದ್ದಿಲು, ಉಪ್ಪು ತುಂಬಿ ಮುಚ್ಚಿದ್ದರು. ನಡುವಿನಿಂದ ಕಬ್ಬಿಣದ ಕೊಳವೆಯೊಂದು ಮೊಣಕಾಲೆತ್ತರ ಎದ್ದು ನಿಂತಿತ್ತು. ಬೇಸಿಗೆಯಲ್ಲಿ ಈರಣ್ಣ ಮಾವನ ಕಾಯ್ದೆ ಏನೆಂದರೆ, ಜೋಳ ಬೀಸಲು ತಂದವರು ಮೊದಲು ಬಾವಿಯಿಂದ ಒಂದು ಕೊಡ ನೀರು ಸೇದಿ ಆ ಗುಂಡಿಗೆ ಸುರಿಯಬೇಕು. ನೀರು ಬೀಳದೆ ಅವನು ಬೆಲ್ಟು ಏರಿಸುತ್ತಿರಲಿಲ್ಲ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ. ತಲೆಯ ಮೇಲೆ ಜೋಳದ ಬುಟ್ಟಿ, ಸೊಂಟದ ಮೇಲೆ ಕೊಡ ಹೊತ್ತು ನಾನೂ ಹೋಗುತ್ತಿದ್ದೆ. ನೀರು ಕುಡಿಯುವ ಗುಂಡಿ, ಎದ್ದು ನಿಂತ ಕೊಳವೆ, ಇವನ್ನು ನೋಡಿ ಇದು ದೇವರಲ್ಲದೆ ಮತ್ತೇನು ಎಂದು ನನಗೆ ಅನುಮಾನವೇ ಉಳಿಯಲಿಲ್ಲ. ಜೀವನದಲ್ಲಿ ನಾನು ಸಂಶಯಪಡದೆ ನಂಬಿದ ಮೊದಲ ಸಂಗತಿ ಅದು. ಒಂದು ಮಂಗಳವಾರ ಕೊಳವೆಗೆ ಕುಂಕುಮ ಹಚ್ಚಿದೆ. ಮುಂದಿನ ವಾರ ಬೇರೆ ಹುಡುಗಿಯರು ಹೂವು ಏರಿಸಿದರು. ಆಮೇಲೆ ಯಾರೋ ಕಾಯಿಯನ್ನೂ ಒಡೆದರು. ಈರಣ್ಣ ಮಾವ ನೋಡಿಯೂ ಸುಮ್ಮನಿದ್ದ. ಅವನಿಗೆ ನೀರು ಬಿದ್ದರೆ ಆಯಿತು.

ಮದುವೆಯಾದ ಮೇಲೆ ಇದನ್ನು ನಿಮ್ಮ ಅಜ್ಜನಿಗೆ ಹೇಳಿದರೆ, ನಗುತ್ತಾ ನಗುತ್ತಾ ನೆಲಕ್ಕೆ ಕುಳಿತುಬಿಟ್ಟರು. "ಹುಚ್ಚಿ, ಅದು ಅರ್ಥಿಂಗ್. ಮಷಿನ್ಯಾಗ ಎಲ್ಲ್ಯಾರ ಕರೆಂಟು ದಾರಿ ತಪ್ಪಿ ಮೈಗೆ ಬಂದ್ರ, ಮನಷ್ಯಾನ್ನ ಹಿಡೀಬಾರದು, ಸೀದಾ ಮಣ್ಣಿಗೆ ಹೋಗಬೇಕು. ಅದಕ್ಕ ಆ ದಾರಿ. ಮಣ್ಣು ಒಣಗಿದ್ರ ದಾರಿ ಬಂದ್ ಆಗ್ತದ" ಎಂದರು. ಪ್ಲಗ್ಗಿನಲ್ಲಿ ಎರಡು ಪಿನ್ನಿನ ಮೇಲೆ ಮೂರನೆಯದೊಂದು ದಪ್ಪಗೆ ಇರುತ್ತದಲ್ಲ, ಅದು ಆ ಮಣ್ಣಿನ ದಾರಿಗೆ ಹೋಗುವ ಬಾಗಿಲು ಎಂದು ಬೆರಳಿಟ್ಟು ತೋರಿಸಿದರು.

ಇಷ್ಟು ನೆನಪಾದ ಮೇಲೆ ಸುಮ್ಮನೆ ಕೂರುವುದು ಹೇಗೆ? ನಮ್ಮ ಸೊಸೈಟಿಯ ಗುಂಡಿ ಎಲ್ಲಿದೆ ಎಂದು ವಾಚ್‌ಮನ್ನನನ್ನು ಕೇಳಿದೆ. ಮೀಟರ್ ಖೋಲಿಯ ಹಿಂದೆ ತೋರಿಸಿದ. ಮೇಲೆ ಸಿಮೆಂಟಿನ ಮುಚ್ಚಳ. ಒಂದು ಬಕೆಟ್ ನೀರು ತಂದು, ಮುಚ್ಚಳ ಸರಿಸಿ, ಮೆಲ್ಲಗೆ ಸುರಿಯತೊಡಗಿದೆ. ಸೊಸೈಟಿಯ ಸೆಕ್ರೆಟರಿಯಾದ ಕೆಳಗಿನ ಮನೆಯ ಕಾಕು (ಇಲ್ಲಿ ಚಿಕ್ಕಮ್ಮನಿಗೆ ಹಾಗೆನ್ನುತ್ತಾರೆ) ಅದೇ ಹೊತ್ತಿಗೆ ಛತ್ರಿ ಹಿಡಿದು ಬಂದರು. ನಿಂತು ನೋಡಿದರು.

"ಆಜೀ, ಪಾವಸಾತ್ ಪಾಣೀ ಕಶಾಲಾ ಘಾಲತಾ?"

ಮಳೆಯಲ್ಲಿ ನೀರು ಯಾಕೆ ಹಾಕುತ್ತೀರಿ ಎಂದು ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಶ್ರಾವಣ ಮುಗಿಯುತ್ತಾ ಬಂದಿತ್ತು. ವಾರದಿಂದ ಬಿಡದೆ ಮಳೆ. ನನ್ನ ಒಂದು ಕೈಯಲ್ಲೂ ಛತ್ರಿಯಿತ್ತು. ಮುಚ್ಚಳದ ಕೆಳಗೆ ಮಳೆ ಇಳಿಯುತ್ತದೋ ಇಲ್ಲವೋ ಎಂಬ ಸಂಶಯದಿಂದ ಬಂದೆ ಎಂದು ಮರಾಠಿಯಲ್ಲಿ ಹೇಳುವುದು ನನ್ನಿಂದಾಗದ ಮಾತು. ಖಾಲಿ ಬಕೆಟ್ ಹಿಡಿದು ನಕ್ಕೆ. ಅವರೂ ನಕ್ಕರು, ಆದರೆ ಅಂದಿನಿಂದ ನನ್ನನ್ನು ನೋಡುವ ರೀತಿ ಬೇರೆಯಾಯಿತು. ಪೆಟ್ಟಿಗೆಯ ಗುಂಯ್ ಒಂದು ಎಳೆಯೂ ಕಡಿಮೆಯಾಗಲಿಲ್ಲ.

ನಿಖಿಲ್ ಬಂದು ನೋಡಿದಾಗ ಕಳ್ಳ ಬೇಗ ಸಿಕ್ಕ. ಅವನು ಒಂದೊಂದೇ ವೈರು ಕೀಳುತ್ತಾ ಬಂದ. ಗಿಟಾರಿನ ವೈರು ಕಿತ್ತ, ಗುಂಯ್ ಹಾಗೇ ಇತ್ತು. ಲ್ಯಾಪ್‌ಟಾಪಿನ ವೈರು ಕಿತ್ತ, ಥಟ್ಟನೆ ನಿಂತಿತು. ಪೆಟ್ಟಿಗೆ ಒಂದು ಗೋಡೆಯ ಬೋರ್ಡಿನಲ್ಲಿ, ಲ್ಯಾಪ್‌ಟಾಪಿನ ಚಾರ್ಜರು ಎದುರು ಗೋಡೆಯ ಬೋರ್ಡಿನಲ್ಲಿ ಇತ್ತು. ಎರಡಕ್ಕೂ ಬೇರೆ ಬೇರೆ ಮಣ್ಣಿನ ದಾರಿ. ನಡುವೆ ತಾಳದ ವೈರು ಅವೆರಡನ್ನೂ ಗಂಟು ಹಾಕಿ ಒಂದು ಸುತ್ತು ಮಾಡಿತ್ತು. ಆ ಸುತ್ತಿನಲ್ಲಿ ಕರೆಂಟು ತಿರುಗುವುದೇ ಗುಂಯ್ ಎಂದು ಮೇಘಾ ನನಗೆ ತಿಳಿಸಿ ಹೇಳಿದಳು. ಹಗ್ಗದ ಎರಡೂ ತುದಿ ಒಂದೇ ಗೂಟಕ್ಕೆ ಕಟ್ಟಿದ್ದರೆ ಪರವಾಗಿಲ್ಲ, ಎರಡು ಗೂಟಕ್ಕೆ ಕಟ್ಟಿದರೆ ನಡುವೆ ಜಗ್ಗಾಟ ಎಂದು ನಾನು ಅರ್ಥಮಾಡಿಕೊಂಡೆ. ಸರಿಯೋ ತಪ್ಪೋ, ನಿಮ್ಮ ಶಾಲೆಯಲ್ಲಿ ಕೇಳಿ ನೋಡಿ.

ನಿಖಿಲ್ ಜೇಬಿನಿಂದ ಬೆರಳುದ್ದದ ಒಂದು ಬಿಳಿ ತುಂಡು ತೆಗೆದ. ಹಿಂದೆ ಮೂರು ರಂಧ್ರ, ಮುಂದೆ ಎರಡೇ ಪಿನ್ನು. ಪೆಟ್ಟಿಗೆಯ ಮೂರು ಪಿನ್ನಿನ ಪ್ಲಗ್ಗನ್ನು ಅದರೊಳಗೆ ತೂರಿಸಿ ಗೋಡೆಗೆ ಚುಚ್ಚಿದ. ಲ್ಯಾಪ್‌ಟಾಪ್ ಮತ್ತೆ ಜೋಡಿಸಿದ. ಗುಂಯ್ ಇಲ್ಲವೇ ಇಲ್ಲ! ಮೇಘಾ ಕುಣಿದಳು. ಸುಜಾತಾ ಉಪ್ಪಿಟ್ಟು ಮಾಡಿದಳು. ನಿಖಿಲ್ ಎರಡು ಸಲ ಹಾಕಿಸಿಕೊಂಡು ತಿಂದ.

ನನಗೆ ಮಾತ್ರ ಆ ಸದ್ದಿಲ್ಲದಿರುವುದು ಸೇರಲಿಲ್ಲ. ಸದ್ದು ಮಾಡುವ ಕಳ್ಳನಿಗಿಂತ ಸದ್ದು ಮಾಡದವನನ್ನು ಹೆಚ್ಚು ನೋಡಿಕೊಳ್ಳಬೇಕು ಎನ್ನುವವಳು ನಾನು. ಪೆಟ್ಟಿಗೆಯನ್ನು ಯಾರೂ ಬಿಚ್ಚಲಿಲ್ಲ, ಏನೂ ರಿಪೇರಿ ಮಾಡಲಿಲ್ಲ. ಹಾಗಾದರೆ ನಿಂತದ್ದು ಹೇಗೆ?

ಅವನು ಹೋದ ಮೇಲೆ ಮೇಘಾಳನ್ನು ಕೇಳಿದೆ. "ಮೂರನೇ ಪಿನ್ನು ಎಲ್ಲಿ ಹೋತು?"

"ಅದರೊಳಗೇ ಅದ ಅಜ್ಜಿ. ಗೋಡಿಗೆ ಹೋಗೂದಿಲ್ಲ, ಅಷ್ಟ."

"ಗೋಡಿಗೆ ಹೋಗಲಿಲ್ಲ ಅಂದ್ರ ಮಣ್ಣಿಗೆ ಹೆಂಗ ಹೋಗ್ತದ?"

"ಅಜ್ಜಿ, ಎಲ್ಲಾರೂ ಹಿಂಗೇ ಮಾಡ್ತಾರ. ಸರ್ ಅವರ ಕ್ಲಾಸಿನ್ಯಾಗೂ ಇದೇ ಅದ. ನಿನ್ನ ಗಿರಣಿ ಕತಿ ಸುರು ಮಾಡಬ್ಯಾಡ ಈಗ."

ಟೆಸ್ಟರು ಮುಟ್ಟಿಸಿ ನೋಡಿದೆ, ಹತ್ತಲಿಲ್ಲ. ಲ್ಯಾಪ್‌ಟಾಪಿನ ವೈರಿನ ಮೂಲಕ ಪೆಟ್ಟಿಗೆಗೆ ಇನ್ನೂ ಮಣ್ಣಿನ ದಾರಿ ಇದ್ದೇ ಇತ್ತು, ಅದಕ್ಕೆ ಹತ್ತಲಿಲ್ಲ ಎಂಬುದು ಆಗ ನಮ್ಮಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ನನ್ನ ಸಂಶಯಗಳು ನೂರರಲ್ಲಿ ತೊಂಬತ್ತು ಸುಳ್ಳಾಗುವುದು ನನಗೂ ಗೊತ್ತು. ಇದೂ ಆ ತೊಂಬತ್ತರಲ್ಲಿ ಒಂದಿರಲಿ ದೇವರೇ ಎಂದುಕೊಂಡೆ.

ಗಣಪತಿ ಬಂದ. ಸೊಸೈಟಿಯ ಪಾರ್ಕಿಂಗಿನಲ್ಲಿ ಮಂಟಪ, ಅದರ ಪಕ್ಕದಲ್ಲೇ ಹಾಡುಕುಣಿತಕ್ಕೆ ವೇದಿಕೆ. ಭಾನುವಾರ ಸಂಜೆ ಆರತಿಯಾದ ಮೇಲೆ ಮೇಘಾ ಹಾಡಬೇಕು, ಗಿಟಾರು ತಾನೇ ನುಡಿಸಬೇಕು. ಅವಳು ಮನೆಯ ಹೊರಗೆ ಹಾಡುವುದು ಅದೇ ಮೊದಲು. ಅವಳೂ ನನ್ನ ಹಾಗೆಯೇ, ನಾಲ್ಕು ಜನ ಸೇರಿದಲ್ಲಿ ಗೋಡೆಗೆ ಅಂಟುವವಳು. ಅದನ್ನು ಗೆಲ್ಲಬೇಕೆಂದೇ ಹೆಸರು ಕೊಟ್ಟಿದ್ದಳು. ವಾರವಿಡೀ ಸ್ನಾನದ ಮನೆಯಲ್ಲಿ, ಜಿನೆಯ ಮೆಟ್ಟಿಲ ಮೇಲೆ, ಕನ್ನಡಿಯ ಎದುರು ಅದೇ ಹಾಡು ಗುನುಗಿದಳು.

ಬೆಳಿಗ್ಗೆ ಸುರಿದ ಮಳೆಗೆ ಪಾರ್ಕಿಂಗಿನ ನೆಲವೆಲ್ಲ ಒದ್ದೆ. ವೇದಿಕೆಯ ಮೇಲೆ ಹಾಸಿದ್ದ ಜಮಖಾನೆ ಮೆಟ್ಟಿದರೆ ನೀರು ಒಸರುತ್ತಿತ್ತು. ದೇವರ ಎದುರು ಅಂತ ಎಲ್ಲರೂ ಚಪ್ಪಲಿ ಕೆಳಗೇ ಬಿಟ್ಟು ಬರಿಗಾಲಲ್ಲಿ ಹತ್ತಬೇಕು. ಮೇಘಾಳೂ ಬರಿಗಾಲಲ್ಲೇ ಹತ್ತಿದಳು. ಲ್ಯಾಪ್‌ಟಾಪು ಇರಲಿಲ್ಲ, ತಾಳಕ್ಕೆ ಬೇರೆ ಹುಡುಗರಿದ್ದರು. ಪೆಟ್ಟಿಗೆ, ಗಿಟಾರು, ಬಿಳಿ ತುಂಡು ಮನೆಯಿಂದ ಹೋಗಿದ್ದವು. ಮೈಕು ಮಾತ್ರ ಸೌಂಡಿನವರದು.

ಆರತಿಗೆ ಜನ ಸೇರುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ, ಕಂಬದ ಮರೆಯ ಕುರ್ಚಿಯಲ್ಲಿ ಕುಳಿತಿದ್ದೆ. ಮೇಘಾ ತಂತಿಗಳ ಮೇಲೆ ಬೆರಳಿಟ್ಟಳು. ಚಕ್ಕನೆ ತೆಗೆದು ಕುರ್ತಾಕ್ಕೆ ಒರೆಸಿಕೊಂಡಳು. ಮತ್ತೆ ಇಟ್ಟಳು, ಮತ್ತೆ ತೆಗೆದಳು. ಕೈ ಕೊಡವಿ, ಬೆರಳುಗಳನ್ನೇ ನೋಡಿಕೊಂಡಳು.

ಆ ಕೈ ಕೊಡವುವುದು ನನಗೆ ಗೊತ್ತಿತ್ತು. ತಗಡಿನ ಗೋಡೆಯ ಎದುರು ನಾನೂ ಹಾಗೆಯೇ ಕೊಡವಿದ್ದೆ.

ಹೇಗೆ ಎದ್ದೆ, ಕುರ್ಚಿಗಳ ನಡುವೆ ಹೇಗೆ ದಾಟಿದೆ ನೆನಪಿಲ್ಲ. ವೇದಿಕೆಯ ಮೆಟ್ಟಿಲು ಹತ್ತುವಾಗ ಸೆರಗು ಯಾವುದಕ್ಕೋ ಸಿಕ್ಕಿತು, ಎಳೆದುಕೊಂಡೆ. "ಕೈಗೆ ಏನಾತು?" ಎಂದು ಮೆಲ್ಲಗೆ ಕೇಳಿದೆ.

"ಏನಿಲ್ಲ ಅಜ್ಜಿ, ಸ್ವಲ್ಪ ಝುಂ ಅಂತು. ಗಾಬರಿಗಿ ಆಗಿರಬೇಕು. ನೀ ಕೆಳಗ ಹೋಗ, ಎಲ್ಲಾರೂ ನೋಡ್ಲಿಕ್ಕತ್ತಾರ."

ಎಲ್ಲರೂ ನೋಡುತ್ತಲೇ ಇದ್ದರು. ಸಂಚಿಯಿಂದ ಟೆಸ್ಟರು ತೆಗೆದು ತಂತಿಗೆ ಮುಟ್ಟಿಸಿದೆ. ದೀಪ ಹತ್ತಿತು. ಮಂಕಾಗಿ, ಆದರೆ ಹತ್ತಿತು.

"ಆಜೀ, ಹಾತ್ ಲಾವೂ ನಕಾ!" ಕೈ ಹಚ್ಚಬೇಡಿ ಎಂದು ಸೌಂಡಿನವನು ಕೆಳಗಿನಿಂದ ಕೂಗಿದ. "ಬೇಟಾ, ಮೈಕ್ ಚೆಕ್ ಕರ್!"

ಮೇಘಾ ಒಂದು ಕೈ ತಂತಿಯ ಮೇಲಿಟ್ಟೇ ಮೈಕಿನ ಕಡೆ ಬಾಗಿದಳು. ಹೊಸ ಹಾಡುಗಾರರೆಲ್ಲ ತುಟಿ ತಾಗುವಷ್ಟು ಹತ್ತಿರ ಹೋಗುತ್ತಾರೆ.

"ಮುಟ್ಟಬ್ಯಾಡ! ಮೈಕ್ ಮುಟ್ಟಬ್ಯಾಡ! ಕರೆಂಟ್ ಅದ!"

ಕೂಗಿದ್ದು ನಾನೇ. ಮೈಕು ಪಕ್ಕದಲ್ಲೇ ಇದ್ದುದರಿಂದ ಆ ಕೂಗು ದೊಡ್ಡ ಸ್ಪೀಕರುಗಳಿಂದ ಹೊರಟು, ಎದುರಿನ ಕಟ್ಟಡಕ್ಕೆ ಬಡಿದು, ಕನ್ನಡದಲ್ಲೇ ವಾಪಸು ಬಂತು. ಪಾರ್ಕಿಂಗೆಲ್ಲ ಗಪ್‌ಚಿಪ್. ಆರತಿಯ ತಟ್ಟೆ ಹಿಡಿದ ಸೆಕ್ರೆಟರಿ ಕಾಕು ಬಕೆಟಿನ ದಿನದಂತೆಯೇ ನನ್ನನ್ನು ನೋಡಿದರು. ಮೇಘಾಳ ಮುಖ ಕೆಂಪಗಾಯಿತು, ಕಣ್ಣಲ್ಲಿ ನೀರು. ನನ್ನಿಂದ ಅವಳ ಮೊದಲ ಹಾಡು ಹಾಳಾಯಿತು ಎಂದುಕೊಂಡೆ. ಆದರೂ ಅವಳನ್ನು ಹಿಂದಕ್ಕೆಳೆಯಲು ಹಿಡಿದಿದ್ದ ಗಿಟಾರಿನ ಪಟ್ಟಿ ಬಿಡಲಿಲ್ಲ. ಪಟ್ಟಿ ಬಟ್ಟೆಯದು, ಮೊದಲೇ ನೋಡಿಕೊಂಡಿದ್ದೆ.

ನಿಖಿಲ್ ಓಡಿ ಬಂದ. ಆ ಪಿನ್ನನ್ನು ಬೇಕೆಂದೇ ಬಿಟ್ಟದ್ದು ಆಜೀ, ಸದ್ದು ಬರಬಾರದೆಂದು, ಎಂದು ಸಮಾಧಾನ ಹೇಳತೊಡಗಿದ. ಸೌಂಡಿನವನಿಗೆ ಸಿಟ್ಟು. ಸರಸರ ಮೇಲೆ ಬಂದು, "ಕಾಹೀ ನಾಹೀ ಹೋ ಆಜೀ, ಹೇ ಬಘಾ" ಎನ್ನುತ್ತಾ, ಏನೂ ಇಲ್ಲ ನೋಡಿ ಎಂದು ತೋರಿಸಲು ಎಡಗೈಯಲ್ಲಿ ಮೈಕು ಹಿಡಿದು ಬಲಗೈಯ ಬೆರಳಿನ ಹಿಂಬದಿಯನ್ನು ತಂತಿಗೆ ತಾಗಿಸಿದ.

"ಆಯ್ಲಾ!"

ಇದು ಕೂಡ ಸ್ಪೀಕರಿನಲ್ಲೇ ಕೇಳಿಸಿತು. ಮೈಕು ಕೈಬಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಹಾರಿ ಕೈ ಝಾಡಿಸಿದ. ಜನ ನಕ್ಕರು. ಅವನು ನಗಲಿಲ್ಲ. ನಿಖಿಲನ ಮುಖ ಬಿಳುಚಿತು. ಅವನು ಮೇಘಾಳ ತುಟಿಗಳನ್ನೂ ಮೈಕನ್ನೂ ಒಮ್ಮೆ ನೋಡಿ, ಬಗ್ಗಿ ಪ್ಲಗ್ಗು ಕಿತ್ತ. ಮೈಕಿಗೆ ಮಣ್ಣಿನ ದಾರಿ ಇತ್ತು, ಲ್ಯಾಪ್‌ಟಾಪು ಇಲ್ಲದ ಪೆಟ್ಟಿಗೆಗೆ ಇರಲಿಲ್ಲ, ಎರಡನ್ನೂ ಒಟ್ಟಿಗೆ ಮುಟ್ಟಿದವರ ಮೈಯೇ ಕರೆಂಟಿಗೆ ದಾರಿ.

ಸೌಂಡಿನವನು ಕೈ ಉಜ್ಜಿಕೊಳ್ಳುತ್ತಲೇ ಬಿಳಿ ತುಂಡನ್ನು ಕಿತ್ತೆಸೆದು, ತನ್ನ ಮೈಕಿನ ಯಂತ್ರಕ್ಕೆ ಕರೆಂಟು ಬರುವ ಅದೇ ಬೋರ್ಡಿನಲ್ಲಿ ಪೆಟ್ಟಿಗೆಯ ಮೂರೂ ಪಿನ್ನು ಚುಚ್ಚಿದ. ಎರಡಕ್ಕೂ ಈಗ ಒಂದೇ ಗೂಟ. ಮೇಘಾಳಿಗೆ ಮಂಟಪದ ಒಣ ಹಲಗೆಯೊಂದನ್ನು ತಂದು ಕಾಲ ಕೆಳಗೆ ಹಾಕಿದ. ಆಮೇಲೆ ನನ್ನ ಕಡೆ ತಿರುಗಿ ಟೆಸ್ಟರಿನ ಕಡೆ ಗದ್ದದಿಂದಲೇ ಸನ್ನೆ ಮಾಡಿದ. ಮುಟ್ಟಿಸಿದೆ. ಹತ್ತಲಿಲ್ಲ. ಸಂಶಯ ಹೋಗದೆ ಇನ್ನೊಂದು ತಂತಿಗೆ ಮುಟ್ಟಿಸಿದೆ. ಹಾಗೆ ಒಂದೊಂದೇ ತಂತಿ ಮುಗಿಯುವವರೆಗೆ ಅಷ್ಟು ಜನ ಕಾದರು. ಪೆಟ್ಟಿಗೆ ಸಣ್ಣಗೆ ಗುಂಯ್ ಎನ್ನುತ್ತಿತ್ತು, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು. ಇರಲಿ ಬಿಡಿ ಎಂದ ನಿಖಿಲ್. ಮುಂದಿನ ವಾರ ಅವನು ತನ್ನ ಕ್ಲಾಸಿನ ಬಿಳಿ ತುಂಡುಗಳನ್ನೆಲ್ಲ ತೆಗೆದುಹಾಕಿದನಂತೆ. ನಮ್ಮ ಮನೆಯಲ್ಲೂ ಈಗ ಲ್ಯಾಪ್‌ಟಾಪಿನ ಚಾರ್ಜರು, ಪೆಟ್ಟಿಗೆ ಎರಡೂ ಒಂದೇ ಬೋರ್ಡಿನಲ್ಲಿವೆ.

ಆರತಿಯಾಯಿತು. ಮೇಘಾ ಹಲಗೆಯ ಮೇಲೆ ನಿಂತಳು. ಕಣ್ಣು ಒರೆಸಿಕೊಂಡು, ಒಮ್ಮೆ ನನ್ನನ್ನು ಹುಡುಕಿದಳು. ಕಂಬದ ಮರೆಗೆ ಹೋಗಿದ್ದರೆ ನಾನು ಕಾಣುತ್ತಿರಲಿಲ್ಲ. ಎದುರಿನ ಸಾಲಿನಲ್ಲೇ ನಿಂತಿದ್ದೆ. ಅವಳು ಮೈಕಿನ ಹತ್ತಿರ ಬಾಗಿದಳು. ಹಾಡಿದಳು. ಜನ ಚಪ್ಪಾಳೆ ತಟ್ಟಿದರು.

ಮರುದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಅಡಿಗೆಮನೆಗೆ ಬಂದಳು. ಹಿಂದಿನ ಸಂಜೆಯಿಂದ ಮಾತನಾಡಿರಲಿಲ್ಲ. ಸಿಟ್ಟು ಇಳಿದಿದೆಯೋ ಇಲ್ಲವೋ ಎಂದು ನಾನು ಮುಖ ಎತ್ತದೆ ಕಿವಿಯಿಂದಲೇ ಅಳೆಯುತ್ತಿದ್ದೆ.

"ಅಜ್ಜಿ, ನಿನ್ನಿ ಹಾಡು ಹೆಂಗಿತ್ತು?"

"ಭಾಳ ಚಲೋ ಇತ್ತವ್ವ."

"ಯಾವುದು ಚಲೋ ಇತ್ತು? ಮೊದಲನೇದೋ, ಎರಡನೇದೋ?"

"ಎರಡೂ ಚಲೋನೇ ಇದ್ದವು."

"ನಾ ಹಾಡಿದ್ದು ಒಂದೇ ಹಾಡು" ಎಂದಳು.

ಸಿಕ್ಕಿಬಿದ್ದೆ. ಸುಳ್ಳು ಹೇಳಿ ಏನು ಪ್ರಯೋಜನ? ಹಾಡು ಶುರುವಾದಾಗಿನಿಂದ ಮುಗಿಯುವ ತನಕ ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ. ಅದು ಮೈಕಿಗೆ ತಾಗುವುದು, ಬಿಡುವುದು, ತಾಗುವುದು, ಬಿಡುವುದು. ತಾಗಿದಾಗಲೆಲ್ಲ ನಾನು ಸಂಚಿಯೊಳಗಿನ ಟೆಸ್ಟರನ್ನು ಮುಟ್ಟಿಕೊಳ್ಳುತ್ತಿದ್ದೆ. ಏನು ಹಾಡಿದಳು, ಯಾವ ಭಾಷೆಯಲ್ಲಿ ಹಾಡಿದಳು, ದೇವರಾಣೆ ಒಂದು ಅಕ್ಷರವೂ ಕಿವಿಗೆ ಬಿದ್ದಿರಲಿಲ್ಲ. ವಾರವಿಡೀ ಮನೆಯಲ್ಲಿ ಗುನುಗಿದ್ದನ್ನೂ ಗುಂಯ್ ಹೇಗೆ ನಿಂತಿತೆಂಬ ಚಿಂತೆಯಲ್ಲಿ ಕೇಳಿಸಿಕೊಂಡಿರಲಿಲ್ಲ. ಹಾಗೆಂದೇ ಹೇಳಿದೆ.

ಮೇಘಾ ಒಳಗೆ ಹೋಗಿ ಗಿಟಾರು ತಂದಳು. ಪೆಟ್ಟಿಗೆ ತರಲಿಲ್ಲ, ವೈರು ತರಲಿಲ್ಲ. ಅಡಿಗೆಯ ಕಟ್ಟೆಯ ಮೇಲೆ ಹಿಟ್ಟಿನ ಡಬ್ಬಿ ಸರಿಸಿ ಕುಳಿತು, ಪೂರ್ತಿ ಹಾಡಿದಳು. ಕರೆಂಟಿಲ್ಲದ ಆ ಗಿಟಾರಿಗೆ ಇರುವ ದನಿ ಬಲು ಸಣ್ಣದು. ಅದು ಕೇಳಲೆಂದು ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯನ್ನು ಗಾಳಿಯಲ್ಲೇ ಹಿಡಿದು ನಿಂತೆ.

"ಈಗ ಹೇಳು."

"ಈಗ ಖರೇನೇ ಭಾಳ ಚಲೋ ಇತ್ತು."

ಅವಳು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. ಹಾಲಿಗೆ ಬೆರಳದ್ದಿದವರ ಹಾಗೆ.

"ಹಂಗಿದ್ರ ಮೊದಲನೇ ಸಾಲು ಅನ್ನು ನೋಡೋಣ."

ಅಂದೆ. ತಪ್ಪಿಲ್ಲದೆ ಅಂದೆ. ಎರಡನೆಯದನ್ನೂ ಅನ್ನಿಸಿಕೊಂಡ ಮೇಲೆಯೇ ಅವಳು ಕಟ್ಟೆಯಿಂದ ಇಳಿದು ಕಾಲೇಜಿಗೆ ಹೊರಟಳು.